ಕತ್ತಲೆಕಾನಿನ ನೀರಿನ ಲೆಕ್ಕ

ಹೊನ್ನಾವರ ಬಿಟ್ಟು ಶರಾವತಿಯ ದಂಡೆಗುಂಟ ಗೇರುಸೊಪ್ಪೆಯ ಕಡೆ ಹೊರಟರೆ ಎಡಬಲಕ್ಕೆ ಮೊದಲು ಕಾಣುವುದು ಬೋಳುಗುಡ್ಡ. ಕೆಂಪುಕಲ್ಲಿನ ನೆತ್ತಿ, ಒಣಗಿದ ಹುಲ್ಲು, ದನ ಬಾಯಿ ಹಾಕದ ಕುರುಚಲು. ಅದರ ಬೆನ್ನಿಗೇ ಸಾಲು ಹಿಡಿದು ನಿಂತ ಅಕೇಶಿಯಾ. ಗೇರುಸೊಪ್ಪೆ ದಾಟಿ ಘಟ್ಟ ಹತ್ತುತ್ತಿದ್ದಂತೆ ಬಿಸಿಲು ಕಡಿಮೆಯಾಗುತ್ತದೆ. ಮಾವಿನಗುಂಡಿಗೆ ಮೊದಲೇ ಸಿಗುವ ಕತ್ತಲೆಕಾನು ಎಂಬ ದಟ್ಟ ಕಾಡಿನಲ್ಲಿ ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನವೂ ಮಬ್ಬು. ಸುರಿಯುವ ಮುಂಗಾರು ಒಂದೇ, ನೆಲ ಮಾತ್ರ ಮೂರು ಬಗೆ. ಕಾಡಿಗೂ ನೀರಿಗೂ ಇರುವ ಸಂಬಂಧದ ಬಗ್ಗೆ ನಾವು ಕುಳಿತಲ್ಲೇ ಮಾಡುವ ವಾದಗಳನ್ನು ನಡೆದು ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾನು ಹೋದದ್ದು ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಇಲ್ಲಿ ಎಲ್ಲ ಹಳ್ಳಗಳೂ ಒಂದೇ ಥರ ಅಬ್ಬರಿಸುತ್ತವೆ. ಯಾವ ಹಳ್ಳದ ಯೋಗ್ಯತೆ ಎಷ್ಟು ಎಂದು ತಿಳಿಯುವುದು ಬೇಸಿಗೆಯಲ್ಲೇ.

ವಾದ ಹಳೆಯದು. ಕಾಡಿದ್ದರೆ ನೀರು ಎನ್ನುವವರು ಒಂದು ಕಡೆ. ಮರವೇ ನೀರು ಕುಡಿದು ಆವಿ ಮಾಡಿ ಬಿಡುತ್ತದೆ, ಕಡಿದರೆ ಹೊಳೆಗೆ ನೀರು ಹೆಚ್ಚುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರನ್ನು ನಗಾಡಿ ಕಳಿಸುವಂತಿಲ್ಲ, ಜಗತ್ತಿನ ಹಲವೆಡೆ ಅಳತೆಗಳು ಅವರ ಪರವಾಗಿವೆ. ಹಾಗಾದರೆ ಪಶ್ಚಿಮಘಟ್ಟದಲ್ಲಿ ಏನಾಗುತ್ತದೆ? ಪರಿಸರ ಜಲವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ, ಉಷ್ಣವಲಯದ ಕಾಡುಗಳ ನೀರನ್ನೇ ಜೀವಮಾನವಿಡೀ ಅಳೆದ ಮೈಕ್ ಬೊನೆಲ್ ಮತ್ತು ಸಂಗಡಿಗರು ಇದೇ ಪ್ರಶ್ನೆ ಹಿಡಿದು 2003ರಿಂದ 2005ರವರೆಗೆ ಕರಾವಳಿಯಲ್ಲೂ ಘಟ್ಟದ ಮೇಲಿನ ಮಲೆನಾಡಿನಲ್ಲೂ 11 ಕಿರು ಜಲಾನಯನಗಳನ್ನು ಅಳೆದರು. ಒಂದೊಂದೂ 7ರಿಂದ 23 ಹೆಕ್ಟೇರು. ಕೆಲವು ನಿತ್ಯಹರಿದ್ವರ್ಣದ ಕಾಡು, ಕೆಲವು ಸೊಪ್ಪು-ಸೌದೆ-ಮೇವಿಗೆ ಸವೆದ ಬೆಟ್ಟ, ಕೆಲವು ಅಂಥ ಸವೆದ ನೆಲದ ಮೇಲೆ ಎಬ್ಬಿಸಿದ ಅಕೇಶಿಯಾ ನೆಡುತೋಪು. ಬಿದ್ದ ಮಳೆ ಎಷ್ಟು, ಹಳ್ಳದಲ್ಲಿ ಹರಿದದ್ದೆಷ್ಟು, ಆವಿಯಾದದ್ದೆಷ್ಟು, ನೆಲಕ್ಕಿಳಿದದ್ದೆಷ್ಟು ಎಂಬ ಲೆಕ್ಕ. 2013ರಲ್ಲಿ ಅದು ಪ್ರಕಟವಾಯಿತು.

ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ನಾನು ಬೋಳುಗುಡ್ಡಕ್ಕೆ ಹತ್ತಿದೆ. ಕೈಯಲ್ಲಿ ಒಂದು ಗೇಣು ಪಿವಿಸಿ ಪೈಪಿನ ತುಂಡು, ಹೆಗಲಲ್ಲಿ ನೀರಿನ ಬಾಟಲಿಗಳು. ವಿಜ್ಞಾನಿಗಳು ನೆಲದ ಹೀರುವಿಕೆ ಅಳೆಯುವುದಕ್ಕೆ ಸರಿಯಾದ ಸಲಕರಣೆಗಳಿವೆ. ನನ್ನದು ಬರೀ ಚಪಲ. ಪೈಪನ್ನು ನೆಲಕ್ಕಿಟ್ಟು ಕಲ್ಲಿನಿಂದ ಕುಟ್ಟಿದರೆ ಎರಡು ಬೆರಳಿನಷ್ಟು ಇಳಿಯುವಷ್ಟರಲ್ಲಿ ಅಂಚು ಒಡೆಯಿತು. ದನಗಳ ಗೊರಸು ವರ್ಷಗಟ್ಟಲೆ ತುಳಿದು ಗಾರೆಯಂತಾದ ಮಣ್ಣು. ಸುರಿದ ನೀರು ಪೈಪಿನೊಳಗೆ ನಿಂತೇ ಇತ್ತು. ನಾನು ಕೂತು ಬೆವರೊರೆಸಿಕೊಂಡು ಮತ್ತೆ ನೋಡಿದಾಗಲೂ ಅದರಲ್ಲಿ ಆಕಾಶ ಕಾಣುತ್ತಿತ್ತು.

ಅಕೇಶಿಯಾ ತೋಪಿನಲ್ಲಿ ಮೊದಲು ದರಕು ಬಗೆಯಬೇಕಾಯಿತು. ಎಲೆಯೆಂದು ನಾವು ಕರೆಯುವ ಆ ಚಪ್ಪಟೆ ತೊಟ್ಟುಗಳು ಬೇಗ ಕೊಳೆಯುವುದಿಲ್ಲ, ಕಾಲಿಟ್ಟಲ್ಲೆಲ್ಲ ಚರಪರ ಸದ್ದು. ಅಡಿಯ ಮಣ್ಣು ಮಾತ್ರ ಬೋಳುಗುಡ್ಡದಷ್ಟು ಹಠಮಾರಿಯಲ್ಲ. ನೀರು ನಿಧಾನವಾಗಿ ಇಳಿಯಿತು.

ಕಾನಿನ ಅಂಚಿನಲ್ಲಿ ಪೈಪು ಕುಟ್ಟುವ ಅಗತ್ಯವೇ ಬೀಳಲಿಲ್ಲ, ಅಂಗೈಯಿಂದ ಒತ್ತಿದರೆ ಸಾಕಾಯಿತು. ಮೇಲೆ ಹೋದ ವರ್ಷದ ಎಲೆ, ಅದರ ಕೆಳಗೆ ಅರೆಕೊಳೆತದ್ದು, ಅದಕ್ಕೂ ಕೆಳಗೆ ಬಿಳಿ ಬೂಸ್ಟಿನ ನೂಲು ನೇಯ್ದ ಕಪ್ಪು ಮಣ್ಣು. ನೂಲೆಳೆಯಂಥ ಬೇರುಗಳು, ಇರುವೆಯ ಬಿಲ, ಸತ್ತ ಬೇರು ಬಿಟ್ಟುಹೋದ ಕೊಳವೆಗಳು. ಸುರಿದ ನೀರು ಗುಳಕ್ಕೆಂದು ಒಳಗಿಳಿಯಿತು. ಇನ್ನೊಂದು ಬಾಟಲಿ ಸುರಿದೆ. ಅದೂ ಹೋಯಿತು.

ಸಂಶೋಧಕರ ಅಂಕಿಗಳು ಹೇಳುವುದೂ ಇದನ್ನೇ. ಮಲೆನಾಡಿನಲ್ಲಿ ಮಳೆಗಾಲದ ನೀರಿನಲ್ಲಿ ಅಂತರ್ಜಲಕ್ಕೆ ಸೇರಿದ ಪಾಲು ಕಾಡಿನಡಿ ಶೇ. 61, ಅಕೇಶಿಯಾದಡಿ ಶೇ. 55, ಸವೆದ ಬೆಟ್ಟದಡಿ ಶೇ. 36. ಕರಾವಳಿಯಲ್ಲಿ ಅದೇ ಕ್ರಮದಲ್ಲಿ 50, 46, 35. ಮಲೆನಾಡಿನ ಕಾಡಿಗೂ ಸವೆದ ಬೆಟ್ಟಕ್ಕೂ ನಡುವಿನ 25ರ ಅಂತರ ಕಾಗದದ ಮೇಲೆ ಸಣ್ಣದಾಗಿ ಕಂಡೀತು. ಮಳೆ 3000 ಮಿಲಿಮೀಟರ್ ಎಂದಿಟ್ಟುಕೊಂಡು ಗುಣಿಸಿ ನೋಡಿ: ಒಂದು ಎಕರೆಗೆ ಸುಮಾರು 30 ಲಕ್ಷ ಲೀಟರ್. ಅಷ್ಟು ನೀರು ಒಂದೇ ಮಳೆಗಾಲದಲ್ಲಿ ನೆಲದೊಳಕ್ಕೆ ಹೋಗುವ ಬದಲು ಕೆಂಪಾಗಿ ಸಮುದ್ರ ಸೇರುತ್ತದೆ.

ಆವಿಯ ಪ್ರಶ್ನೆ ಏನಾಯಿತು? ಸಂಶೋಧನೆಯ ಜೀವಾಳ ಅಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ನೀರಾಗಿರುತ್ತದೆ, ಸೂರ್ಯ ಕಾಣುವುದೇ ಅಪರೂಪ. ಒಗೆದ ಪಂಚೆ ವಾರವಾದರೂ ಒಣಗದ ಕಾಲದಲ್ಲಿ ಮರ ಮಾತ್ರ ಎಷ್ಟು ಬೆವರೀತು? ಕಾಡಿರಲಿ, ತೋಪಿರಲಿ, ಬೋಳಿರಲಿ, ಮಳೆಗಾಲದ ಆವಿ ಹೆಚ್ಚುಕಡಿಮೆ ಒಂದೇ, ಅದೂ ಕಡಿಮೆಯೇ. ಹಾಗಾಗಿ ವ್ಯತ್ಯಾಸ ಮಾಡುವುದು ಮರ ಕುಡಿಯುವ ನೀರಲ್ಲ, ನೆಲ ಬಿಟ್ಟುಕೊಳ್ಳುವ ನೀರು. ಮಳೆ ನಿಂತ ಮೇಲೆ ಕಾಡು ಆಳದ ತೇವವನ್ನು ಎಳೆದು ಕುಡಿಯುವುದೂ ನಿಜ. ಆದರೆ ಒಳಗೆ ಇಳಿದದ್ದು ಅಷ್ಟಿರುವಾಗ ಕುಡಿದು ಮಿಕ್ಕಿದ್ದೇ ಹಳ್ಳಕ್ಕೆ ಸಾಕಾಗುತ್ತದೆ. ಮೇಲ್ಭಾಗದಲ್ಲಿ ಕಾಡು ಹೆಚ್ಚಿದ್ದ ಹಳ್ಳಗಳೇ ಬೇಸಿಗೆಯೊಳಕ್ಕೆ ಹೆಚ್ಚು ದಿನ ಹರಿದವು.

ಕತ್ತಲೆಕಾನಿನ ಒಳಗೆ ತಗ್ಗಿನಲ್ಲೊಂದು ಜಡ್ಡಿ. ಏಪ್ರಿಲ್‌ನಲ್ಲೂ ಪಾದ ಮುಳುಗುವ ಕೆಸರು, ನಡುವೆ ಸದ್ದಿಲ್ಲದೆ ಜಾರುವ ತೆಳುನೀರು. ಅದರಲ್ಲಿ ರಾಮಪತ್ರೆ ಜಾತಿಯ ಮರಗಳು. ಒಂದು ಜಾತಿ ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿದ್ದರೆ, ಇನ್ನೊಂದರ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲಿನ ಹಾಗೆ ಬಾಗಿ ಮತ್ತೆ ಕೆಸರಿಗಿಳಿಯುತ್ತದೆ. ಉಸಿರಾಡಲು ಗಾಳಿ ಬೇಕಲ್ಲ. ವರ್ಷವಿಡೀ ನೀರು ಆಡದಿದ್ದರೆ ಈ ಮರಗಳಿಗೆ ಬದುಕಿಲ್ಲ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರ ಲೋಕಕ್ಕೆ ಗೊತ್ತಾದದ್ದು ಇಲ್ಲಿಂದ. 2000ರಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದೇ ಹೆಸರಿಟ್ಟರು. ಇಂಥ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆ, ತೋಟಗಳಾಗಿ ಹೋಗಿವೆ. ಕಾಡು ಹಿಡಿದಿಟ್ಟ ನೀರನ್ನು ಅಳೆಯಲು ಉಳಿದಿರುವ ಜಡ್ಡಿಯಷ್ಟು ನಂಬಬಹುದಾದ ಮಾಪನಕೇಂದ್ರ ಬೇರೆ ಇಲ್ಲ.

ಮಾವಿನಗುಂಡಿ ದಾಟಿ ಸಿದ್ದಾಪುರದ ಕಡೆ ತಿರುಗಿದರೆ ಅಡಿಕೆಯ ಕಣಿವೆಗಳು. ಬ್ರಿಟಿಷರ ಕಾಲದಿಂದ ಬಂದ ಏರ್ಪಾಡಿನಂತೆ ಇಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ, ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಹಕ್ಕಿದೆ. ಬೆಟ್ಟವನ್ನು ನೋಡಿದರೆ ಅದರ ಕೆಳಗಿನ ತೋಟದವರ ಸ್ವಭಾವ ಹೇಳಬಹುದು: ಕೆಲವು ಕಾಡಿನಷ್ಟೇ ದಟ್ಟ, ಕೆಲವು ಬೋಳಿಸಿದ ತಲೆ. ನಾನು ಇಳಿದ ತೋಟದ ಯಜಮಾನರು ಮನೆಗೆ ಬರುವ ಅಬ್ಬಿ ನೀರು ತೋರಿಸಿದರು. ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನೇ ಇಳಿದು ಬರುವ ನೀರು, ಪಂಪಿನ ಹಂಗಿಲ್ಲ.

“ಆ ಬದಿ ಹಳ್ಳ ಶಿವರಾತ್ರಿಗೇ ನಿಂತೋತು ನೋಡಿ. ನಮ್ದು ಸಣ್ಣ ಆಗ್ತದೆ, ನಿಲ್ಲೂದಿಲ್ಲ. ಮೇಲೆ ಕಾನು ಇದೆ ಅಲ್ದಾ?”

“ಅಕೇಶಿಯಾ ಇರೋ ಕಡೆ ಹೆಂಗೆ?” ಎಂದೆ.

“ಅದರ ಸುದ್ದಿ ತೆಗೀಬೇಡಿ ಮಾರಾಯ್ರೇ. ಅದೇ ನೀರೆಲ್ಲ ಕುಡಿಯೂದು.”

ಈ ಮಾತಿಗೆ ಮಲೆನಾಡಿನಲ್ಲಿ ಎದುರಾಡುವವರು ಸಿಗುವುದಿಲ್ಲ. ಆದರೆ ಮೇಲಿನ ಅಂಕಿಗಳನ್ನು ನಂಬುವುದಾದರೆ, ಗೊರಸಿಗೆ ಗಟ್ಟಿಯಾದ ಬೋಳುನೆಲಕ್ಕಿಂತ ಅಕೇಶಿಯಾದ ನೆಲ ಮೇಲು. ಕಾನನ್ನು ಕಡಿದು ಅಕೇಶಿಯಾ ಹಾಕಿದರೆ ಮಾತ್ರ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಕ್ಕಿ, ಹಣ್ಣು, ಗೊಬ್ಬರದ ವಿಷಯಕ್ಕೆ ಬಂದರೆ ಯಜಮಾನರ ಸಿಟ್ಟು ನನ್ನದೂ ಹೌದು. ನೀರಿನ ವಿಷಯದಲ್ಲಿ ಅರ್ಧ ಸಿಟ್ಟು ಸಾಕು.

ಇದೇ ಲೆಕ್ಕವನ್ನು ಬಯಲುಸೀಮೆಗೆ ಹೊತ್ತೊಯ್ಯುವ ಹಾಗಿಲ್ಲ. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದಲ್ಲೇ ನೀಲಗಿರಿ ಮರದ ನೀರಿನ ಲೆಕ್ಕ ಹಾಕಿದ್ದರು. ಶಿವಮೊಗ್ಗದ ಹತ್ತಿರ ನೀಲಗಿರಿ ಕುಡಿದ ನೀರು ಅಲ್ಲಿನ ಒಣ ಕಾಡು ಕುಡಿದದ್ದಕ್ಕಿಂತ ಹೆಚ್ಚಿರಲಿಲ್ಲ. ಹೊಸಕೋಟೆಯ ಹೊಲದಲ್ಲಿ ಅದೇ ಮರ ಬಿದ್ದ ಮಳೆಗಿಂತ ಹೆಚ್ಚು ನೀರು ಕುಡಿಯಿತು, ಕೊರತೆಯಾದದ್ದನ್ನು ನೆಲದಾಳದಿಂದ ಎಳೆಯಿತು. ಮಳೆ ಕಡಿಮೆ, ಬಿಸಿಲು ಜೋರಾದ ಕಡೆ ಆವಿಯೇ ಯಜಮಾನ. ಮರ ನೀರು ಕೊಡುತ್ತದೆಯೋ ಕುಡಿಯುತ್ತದೆಯೋ ಎಂದು ಯಾರಾದರೂ ಕೇಳಿದರೆ, ಯಾವ ಊರಿನಲ್ಲಿ ಎಂದು ತಿರುಗಿ ಕೇಳಬೇಕು.

ಹೋದ ಆವಿಯೂ ದಂಡವಲ್ಲ. ಐಐಟಿ ಬಾಂಬೆಯ ಸುಬಿಮಲ್ ಘೋಷ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಪಶ್ಚಿಮಘಟ್ಟದ ಹಸಿರು ಉಸಿರಿದ ತೇವ ಪಡುವಣ ಗಾಳಿಯ ಬೆನ್ನೇರಿ ತಮಿಳುನಾಡಿನ ಮುಂಗಾರು ಮಳೆಗೆ ದೊಡ್ಡ ಪಾಲು ಕೊಡುತ್ತದೆ. ಕಾವೇರಿಯ ಜಗಳದಲ್ಲಿ ಕ್ಯೂಸೆಕ್ ಎಣಿಸುವವರು ಆಕಾಶದಲ್ಲಿ ಹೋಗುವ ಈ ನೀರನ್ನು ಇನ್ನೂ ಯಾವ ಖಾತೆಗೂ ಬರೆದಿಲ್ಲ.

ಕತ್ತಲೆಕಾನು ಹೊನ್ನಾವರ–ಮಾವಿನಗುಂಡಿ ರಸ್ತೆಯ ಪಕ್ಕದಲ್ಲೇ ಇದೆ, ಹೊನ್ನಾವರದಿಂದ ಜೋಗಕ್ಕೆ ಹೋಗುವವರೆಲ್ಲ ಗೊತ್ತಿಲ್ಲದೆ ಹಾದುಹೋಗುವ ಜಾಗ. 2011ರಿಂದ ಇದು ಸಿಂಗಳೀಕ ಸಂರಕ್ಷಣೆಗೆ ಮೀಸಲಾದ ಪ್ರದೇಶದೊಳಗಿದೆ. ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರ ಜೊತೆ ಹೋಗಿ. ಬೇಸಿಗೆಯಲ್ಲಿ ಹೋಗಿ, ಅಂಚಿನಲ್ಲಿ ನಿಂತು ನೋಡಿ. ಜಡ್ಡಿಯೊಳಗೆ ಮಾತ್ರ ಕಾಲಿಡಬೇಡಿ, ನೆಲಕ್ಕೆ ಊರಿಕೊಳ್ಳುತ್ತಿರುವ ರಾಮಪತ್ರೆ ಸಸಿಗಳು ಅಲ್ಲೇ ಇರುತ್ತವೆ.