ಸಭಾಂಗಣದ ಕಾರ್ಡ್‌ಲೆಸ್ ಮೈಕ್: ಜೋಡಣೆ ಮತ್ತು ದೋಷ ಪತ್ತೆ

ಮಾರ್ಚ್ 31ಕ್ಕೆ ಲೆಕ್ಕಪತ್ರಗಳನ್ನು ಮುಕ್ತಾಯಗೊಳಿಸುವ ಕಂಪನಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಸಂಘಗಳು ಮತ್ತು ಸಹಕಾರಿ ಸಂಸ್ಥೆಗಳ ಸಭೆಗಳೂ ಬಹುಮಟ್ಟಿಗೆ ಇದೇ ಅವಧಿಯಲ್ಲಿ ಜರುಗುತ್ತವೆ. ಇಂತಹ ಒಂದು ಸಭೆಯಲ್ಲಿ ಹಿಂದಿನ ಸಾಲಿನ ಸದಸ್ಯರೊಬ್ಬರು ಎದ್ದುನಿಂತು ಠರಾವಿಗೆ ತಿದ್ದುಪಡಿ ಸೂಚಿಸುತ್ತಾರೆ ಎಂದು ಭಾವಿಸೋಣ. ಅವರ ಕೈಯಲ್ಲಿರುವ ಕಾರ್ಡ್‌ಲೆಸ್ ಮೈಕ್ ನಡುನಡುವೆ ನಿಂತುಹೋಗುತ್ತದೆ. ತಿದ್ದುಪಡಿ ಅರ್ಧ ಸಭೆಗೆ ಕೇಳಿಸುತ್ತದೆ, ಉಳಿದರ್ಧಕ್ಕೆ ಕೇಳಿಸುವುದಿಲ್ಲ. ಕೈ ಎತ್ತಿದವರು ಮೂಲ ಠರಾವಿಗೆ ಒಪ್ಪಿದರೋ, ತಿದ್ದುಪಡಿಗೆ ಒಪ್ಪಿದರೋ ಎಂಬ ತಕರಾರು ಅಲ್ಲಿಂದಲೇ ಆರಂಭವಾಗುತ್ತದೆ. ಕಂಪನಿ ಕಾಯಿದೆ, 2013ರ ಪ್ರಕಾರ ಸಭೆಯ ನಡವಳಿಯನ್ನು 30 ದಿನಗಳೊಳಗೆ ದಾಖಲಿಸಬೇಕು. ಸರಿಯಾಗಿ ಕೇಳಿಸದ ಮಾತನ್ನು ಸರಿಯಾಗಿ ದಾಖಲಿಸುವುದು ಹೇಗೆ?

ಇಂತಹ ಸಂದರ್ಭದಲ್ಲಿ ದೋಷವನ್ನು ಉಪಕರಣದ ಮೇಲೆ ಹೊರಿಸಿ ಹೊಸದನ್ನು ಕೊಳ್ಳುವುದು ರೂಢಿ. ವಾಸ್ತವವಾಗಿ ಹೆಚ್ಚಿನ ತೊಂದರೆಗಳಿಗೆ ಕಾರಣ ಕಂಪನಾಂಕದ ತಪ್ಪು ಆಯ್ಕೆ, ರಿಸೀವರನ್ನು ಇರಿಸಿದ ಸ್ಥಳ ಅಥವಾ ಬ್ಯಾಟರಿ. ಇವನ್ನು ಕ್ರಮವಾಗಿ ಪರಿಶೀಲಿಸಲು ತಂತ್ರಜ್ಞರೇ ಆಗಬೇಕೆಂದಿಲ್ಲ.

ಸಾಧನದ ರಚನೆ

ಈ ವ್ಯವಸ್ಥೆಯಲ್ಲಿ ಎರಡು ಮುಖ್ಯ ಭಾಗಗಳಿವೆ. ಮಾತನಾಡುವವರ ಕೈಯಲ್ಲಿರುವ ಮೈಕ್‌ನೊಳಗೆ, ಅಥವಾ ಕಾಲರ್ ಮೈಕ್ ಆದರೆ ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆಯೊಳಗೆ, ಒಂದು ಟ್ರಾನ್ಸ್‌ಮೀಟರ್ ಇರುತ್ತದೆ. ಅದು ಧ್ವನಿಯನ್ನು ರೇಡಿಯೊ ಅಲೆಯ ಮೂಲಕ ಕಳುಹಿಸುತ್ತದೆ. ಅದೇ ಕಂಪನಾಂಕಕ್ಕೆ ಹೊಂದಿಸಿದ ರಿಸೀವರ್ ಆ ಅಲೆಯನ್ನು ಗ್ರಹಿಸಿ, ಧ್ವನಿಯನ್ನು ಮಿಕ್ಸರ್ ಮತ್ತು ಆಂಪ್ಲಿಫೈಯರ್‌ಗಳಿಗೆ ಒಪ್ಪಿಸುತ್ತದೆ. ಅಂದರೆ ಮೈಕ್ ಮತ್ತು ರಿಸೀವರ್‌ಗಳ ನಡುವಿನ ತಂತಿಯ ಸ್ಥಾನವನ್ನು ಮಾತ್ರ ರೇಡಿಯೊ ಅಲೆ ತುಂಬಿದೆ. ರಿಸೀವರ್‌ನಿಂದ ಮುಂದಕ್ಕೆ ಎಲ್ಲವೂ ಹಿಂದಿನಂತೆ ತಂತಿಯದೇ ವ್ಯವಹಾರ.

ಕಂಪನಾಂಕದ ಆಯ್ಕೆ

ಹಳೆಯ ಸೆಟ್‌ಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳು ಗಮನಿಸಬೇಕಾದ ಅಂಶವೊಂದಿದೆ. ನಮ್ಮ ದೇಶದಲ್ಲಿ 703ರಿಂದ 748 ಮತ್ತು 758ರಿಂದ 803 ಮೆಗಾಹರ್ಟ್ಸ್‌ವರೆಗಿನ ತರಂಗಗುಚ್ಛವನ್ನು ಮೊಬೈಲ್ ಸೇವೆಗೆ ಮೀಸಲಿಟ್ಟು ಹರಾಜಿಗೆ ಇಡಲಾಯಿತು. 2016 ಮತ್ತು 2021ರ ಹರಾಜುಗಳಲ್ಲಿ ಇದಕ್ಕೆ ಕೊಳ್ಳುವವರಿರಲಿಲ್ಲ. 2022ರ ಹರಾಜಿನಲ್ಲಿ ಇದರ ಒಂದು ಭಾಗ ಮಾರಾಟವಾಗಿ 5ಜಿ ಸೇವೆಗೆ ಬಳಕೆಯಾಯಿತು. ಆದುದರಿಂದ ಈ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಮೈಕ್, ಹತ್ತು ವರ್ಷ ನಿರಾತಂಕವಾಗಿ ನಡೆದಿದ್ದರೂ, ಸಮೀಪದಲ್ಲಿ ಮೊಬೈಲ್ ಗೋಪುರವಿದ್ದರೆ ಈಗ ಕೈಕೊಡಬಹುದು. ಅಂತಹ ಮೈಕನ್ನು ದುರಸ್ತಿಗೆ ಕೊಟ್ಟು ಹಣ ವ್ಯಯಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಕೆಟ್ಟಿರುವುದು ಮೈಕ್ ಅಲ್ಲ. ಅಮೆರಿಕದಲ್ಲಿ 2010ರ ಜೂನ್‌ನಿಂದಲೇ 700 ಮೆಗಾಹರ್ಟ್ಸ್ ವ್ಯಾಪ್ತಿಯ ಮೈಕ್‌ಗಳ ಬಳಕೆಯನ್ನು ನಿಷೇಧಿಸಲಾಗಿದೆ. ಹೊರದೇಶದಿಂದ ಅಗ್ಗವಾಗಿ ಬರುವ ಹಳೆಯ ದಾಸ್ತಾನನ್ನು ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

2.4 ಗಿಗಾಹರ್ಟ್ಸ್ ವ್ಯಾಪ್ತಿಯ ಮೈಕ್‌ಗಳೂ ಮಾರುಕಟ್ಟೆಯಲ್ಲಿವೆ. ಅಲ್ಪಶಕ್ತಿಯ ಉಪಕರಣಗಳಿಗೆ ಈ ವ್ಯಾಪ್ತಿಯಲ್ಲಿ ಪ್ರತ್ಯೇಕ ಪರವಾನಗಿಯ ಅಗತ್ಯವಿಲ್ಲವಾದರೂ, ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಮಾದರಿ ಅನುಮೋದನೆ ಇರಬೇಕು. ವೈ-ಫೈ ಮತ್ತು ಬ್ಲೂಟೂತ್‌ಗಳೂ ಇದೇ ವ್ಯಾಪ್ತಿಯಲ್ಲಿ ನಡೆಯುತ್ತವೆ. ಇದಲ್ಲದೆ ಮನುಷ್ಯನ ದೇಹ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದಲೇ ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಸ್ವಚ್ಛವಾಗಿ ಕೇಳಿಸಿದ ಮೈಕ್, ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡ ಮುನ್ನೂರು ಜನ ಬಂದು ಕುಳಿತಾಗ ತಡವರಿಸುತ್ತದೆ. ಚಿಕ್ಕ ಕೊಠಡಿಗೆ ಈ ಬಗೆಯ ಮೈಕ್ ಸಾಕು. ದೊಡ್ಡ ಸಭಾಂಗಣಕ್ಕೆ ಮೊಬೈಲ್ ಸೇವೆಯ ಗಡಿಯಿಂದ ಹೊರಗಿರುವ, ಕಂಪನಾಂಕ ಬದಲಿಸಬಹುದಾದ ಯುಎಚ್‌ಎಫ್ ಸೆಟ್ ಹೆಚ್ಚು ಸೂಕ್ತ.

ಹಲವು ಮೈಕ್‌ಗಳ ಲೆಕ್ಕಾಚಾರ

ಒಂದಕ್ಕಿಂತ ಹೆಚ್ಚು ಮೈಕ್‌ಗಳಿದ್ದಾಗ ಪ್ರತಿಯೊಂದಕ್ಕೂ ಬೇರೆ ಕಂಪನಾಂಕ ಕೊಡಬೇಕೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಸಮಾನ ಅಂತರದಲ್ಲಿ ಕೊಡಬಾರದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಎರಡು ಟ್ರಾನ್ಸ್‌ಮೀಟರ್‌ಗಳು ಹತ್ತಿರದಲ್ಲಿದ್ದಾಗ ಅವೆರಡರ ಅಲೆಗಳು ಬೆರೆತು ಹೊಸ ಕಂಪನಾಂಕಗಳು ಹುಟ್ಟುತ್ತವೆ. ಇವುಗಳಲ್ಲಿ ಮುಖ್ಯವಾದದ್ದು, ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದರೆ ಬರುವ ಸಂಖ್ಯೆ.

ಉದಾಹರಣೆಗೆ ಮೂರು ಮೈಕ್‌ಗಳನ್ನು 600.0, 600.4 ಮತ್ತು 600.8 ಮೆಗಾಹರ್ಟ್ಸ್‌ಗೆ ಹೊಂದಿಸಿದೆ ಎಂದಿಟ್ಟುಕೊಳ್ಳೋಣ. 600.4ರ ಇಮ್ಮಡಿ 1200.8. ಇದರಿಂದ 600.0 ಕಳೆದರೆ ಉಳಿಯುವುದು 600.8. ಅಂದರೆ ಮೊದಲೆರಡು ಮೈಕ್‌ಗಳು ಸೇರಿ ಮೂರನೆಯದರ ಸ್ಥಾನದಲ್ಲೇ ಅಡಚಣೆ ಉಂಟುಮಾಡುತ್ತವೆ. ಮೂರನೆಯದನ್ನು 601.2ಕ್ಕೆ ಸರಿಸಿದರೆ ಈ ಘರ್ಷಣೆ ತಪ್ಪುತ್ತದೆ. ತಯಾರಕರು ಈ ಲೆಕ್ಕವನ್ನು ಮೊದಲೇ ಮಾಡಿ ಕಂಪನಾಂಕಗಳನ್ನು ಗುಂಪುಗಳಾಗಿ ವಿಂಗಡಿಸಿರುತ್ತಾರೆ. ಎಲ್ಲ ಮೈಕ್‌ಗಳಿಗೂ ಒಂದೇ ಗುಂಪಿನ ಬೇರೆ ಬೇರೆ ಚಾನೆಲ್‌ಗಳನ್ನು ಆರಿಸಿಕೊಂಡರೆ ಸಾಕು. ಒಂದೇ ಕಟ್ಟಡದಲ್ಲಿ ಎರಡು ಸಭಾಂಗಣಗಳಿರುವ ಕಲ್ಯಾಣ ಮಂಟಪಗಳಲ್ಲಿ ಪಕ್ಕದ ಸಮಾರಂಭದವರ ಕಂಪನಾಂಕಗಳನ್ನೂ ಮುಂಚಿತವಾಗಿ ವಿಚಾರಿಸಬೇಕು. ಇಲ್ಲದಿದ್ದರೆ ಅಧ್ಯಕ್ಷರ ಭಾಷಣದ ನಡುವೆ ಪಕ್ಕದ ಮದುವೆಯ ಮಂತ್ರಘೋಷ ಕೇಳಿಬಂದೀತು.

ಜೋಡಣೆಯ ಕ್ರಮ

1. ರಿಸೀವರನ್ನು ವೇದಿಕೆಯ ಸಮೀಪದಲ್ಲಿ, ಕುಳಿತವರ ತಲೆಗಿಂತ ಎತ್ತರದಲ್ಲಿ ಇರಿಸಬೇಕು. ಮೈಕ್ ಮತ್ತು ಆಂಟೆನಾಗಳ ನಡುವೆ ನೇರ ನೋಟವಿರಬೇಕು. ಕಬ್ಬಿಣದ ಬೀರು, ಮೇಜಿನ ಕೆಳಭಾಗ ಮತ್ತು ಎಲ್‌ಇಡಿ ಪರದೆಯ ಹಿಂಬದಿ ಸೂಕ್ತ ಸ್ಥಳಗಳಲ್ಲ.

2. ಎರಡು ಆಂಟೆನಾಗಳಿರುವ ರಿಸೀವರ್‌ಗೆ ಆದ್ಯತೆ ಕೊಡಬೇಕು. ಗೋಡೆಗೆ ತಾಗಿ ಮರಳಿದ ಅಲೆ ಕೆಲವು ಸ್ಥಳಗಳಲ್ಲಿ ನೇರವಾಗಿ ಬಂದ ಅಲೆಯನ್ನೇ ಅಳಿಸಿಬಿಡುತ್ತದೆ. ಒಂದು ಆಂಟೆನಾಗೆ ಅಲೆ ಸಿಗದಾಗ ಇನ್ನೊಂದಕ್ಕೆ ಸಿಗುವ ಸಂಭವ ಹೆಚ್ಚು. ಎರಡನ್ನೂ ಇಂಗ್ಲಿಷಿನ ವಿ ಅಕ್ಷರದಂತೆ ಹರವಿ ನಿಲ್ಲಿಸಬೇಕು.

3. ಮೈಕ್‌ಗಳನ್ನು ಆರಿಸಿ, ರಿಸೀವರನ್ನು ಮಾತ್ರ ಚಾಲೂ ಮಾಡಬೇಕು. ಆಗಲೂ ಅಲೆ ಸೂಚಕ ದೀಪ ಬೆಳಗಿದರೆ ಆ ಕಂಪನಾಂಕವನ್ನು ಬೇರೆ ಯಾವುದೋ ಮೂಲ ಆಕ್ರಮಿಸಿದೆ ಎಂದರ್ಥ. ಖಾಲಿ ಚಾನೆಲ್ ಆರಿಸಿಕೊಂಡ ನಂತರವೇ ಮೈಕ್ ಚಾಲೂ ಮಾಡಬೇಕು.

4. ಧ್ವನಿಮಟ್ಟವನ್ನು ಮೂಲದಿಂದ ಹೊಂದಿಸುತ್ತ ಬರಬೇಕು. ಮೊದಲು ಟ್ರಾನ್ಸ್‌ಮೀಟರ್, ನಂತರ ರಿಸೀವರ್, ಬಳಿಕ ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಮೂಲದಲ್ಲೇ ಒಡೆದ ಧ್ವನಿಯನ್ನು ಮುಂದೆ ಎಲ್ಲಿಯೂ ಸರಿಪಡಿಸಲಾಗದು.

5. ಮೈಕ್ ಹಿಡಿದು ಮಾತನಾಡುತ್ತ ಸಭಾಂಗಣದ ನಾಲ್ಕು ಮೂಲೆಗಳಿಗೂ ನಡೆದು ನೋಡಬೇಕು. ಸದಸ್ಯರು ಪ್ರಶ್ನೆ ಕೇಳುವುದು ವೇದಿಕೆಯಿಂದಲ್ಲ, ಹಿಂದಿನ ಸಾಲಿನಿಂದ.

ದೋಷ ಪತ್ತೆ

ಬ್ಯಾಂಕ್ ಪುಸ್ತಕಕ್ಕೂ ನಗದು ಪುಸ್ತಕಕ್ಕೂ ತಾಳೆಯಾಗದಿದ್ದಾಗ ಅನುಭವಿ ಗುಮಾಸ್ತರು ಒಂದೊಂದೇ ನಮೂದಿಗೆ ಗುರುತು ಹಾಕುತ್ತ ಬರುತ್ತಾರೆ. ಇಲ್ಲಿಯೂ ಅದೇ ವಿಧಾನ. ಹೆಚ್ಚಿನ ರಿಸೀವರ್‌ಗಳಲ್ಲಿ ಎರಡು ಸೂಚಕಗಳಿರುತ್ತವೆ: ಒಂದು ರೇಡಿಯೊ ಅಲೆಗೆ, ಇನ್ನೊಂದು ಧ್ವನಿಗೆ. ಇವೆರಡನ್ನು ನೋಡಿದರೆ ದೋಷ ಯಾವ ಭಾಗದಲ್ಲಿದೆಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಅಲೆಯ ದೀಪ ಬೆಳಗದಿದ್ದರೆ ಬ್ಯಾಟರಿ, ಕಂಪನಾಂಕದ ಹೊಂದಾಣಿಕೆ ಮತ್ತು ಆಂಟೆನಾಗಳನ್ನು ನೋಡಬೇಕು. ಅಲೆಯ ದೀಪ ಬೆಳಗಿ ಧ್ವನಿಯ ದೀಪ ಬೆಳಗದಿದ್ದರೆ ಮೈಕ್‌ನ ಮ್ಯೂಟ್ ಗುಂಡಿ ಒತ್ತಿರಬಹುದು, ಅಥವಾ ಕಾಲರ್ ಮೈಕ್‌ನ ಎಳೆ ತುಂಡಾಗಿರಬಹುದು. ಎರಡೂ ಬೆಳಗಿ ಸ್ಪೀಕರ್ ಮೌನವಾಗಿದ್ದರೆ ರೇಡಿಯೊ ಭಾಗ ನಿರ್ದೋಷಿ. ರಿಸೀವರ್‌ನಿಂದ ಮುಂದಿನ ಕೇಬಲ್ ಮತ್ತು ಮಿಕ್ಸರ್‌ಗಳನ್ನು ಪರಿಶೀಲಿಸಬೇಕು.

ಕೀರಲು ಶಬ್ದ ಬರುವುದು ರೇಡಿಯೊ ದೋಷವಲ್ಲ. ಸ್ಪೀಕರಿನ ಧ್ವನಿ ಮರಳಿ ಮೈಕ್‌ಗೆ ಸೇರಿದಾಗ ಅದು ಉಂಟಾಗುತ್ತದೆ. ಸ್ಪೀಕರುಗಳನ್ನು ಮೈಕ್‌ಗಿಂತ ಮುಂದಕ್ಕೆ, ಸಭಿಕರ ಕಡೆಗೆ ಮುಖ ಮಾಡಿ ಇಡಬೇಕು. ಮೈಕ್‌ನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೀರಲು ಇನ್ನಷ್ಟು ಹೆಚ್ಚುತ್ತದೆ.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಆಲ್ಕಲೈನ್ ಸೆಲ್‌ನ ವೋಲ್ಟೇಜ್ 1.5, ಮರುಚಾರ್ಜ್ ಮಾಡಬಹುದಾದ ನಿಕಲ್ ಸೆಲ್‌ನದು 1.2. ಆಲ್ಕಲೈನ್‌ಗೆ ಹೊಂದಿಸಿದ ಸೂಚಕ, ನಿಕಲ್ ಸೆಲ್ ಹಾಕಿದಾಗ ತಪ್ಪು ಮಾಹಿತಿ ಕೊಡುತ್ತದೆ. ಮಹತ್ವದ ಸಭೆಗೆ ಮುನ್ನ ಹೊಸ ಅಥವಾ ಪೂರ್ಣ ಚಾರ್ಜ್ ಆದ ಸೆಲ್‌ಗಳನ್ನು ಹಾಕುವುದೇ ಕ್ಷೇಮ.

ಖರೀದಿಸುವಾಗ

ಅಂಗಡಿಯವರಿಂದ ಉಪಕರಣದ ಕಂಪನಾಂಕ ವ್ಯಾಪ್ತಿಯನ್ನು ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಅನುಮೋದನೆಯ ದಾಖಲೆಯ ಪ್ರತಿಯನ್ನೂ ಕೇಳಿ ಪಡೆಯಬೇಕು. ವ್ಯವಹಾರಕ್ಕಾಗಿ ಕೊಂಡ ಸೆಟ್‌ನ ಮೇಲಿನ ಜಿಎಸ್‌ಟಿಗೆ, ಇತರ ಷರತ್ತುಗಳಿಗೆ ಒಳಪಟ್ಟು, ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದರೆ ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದರೆ ಆ ಜಮೆ ಸಿಗದು. ಬಿಲ್ಲಿಲ್ಲದೆ ಕೊಂಡ ಅಗ್ಗದ ಸೆಟ್‌ಗೆ ಜಮೆಯೂ ಇಲ್ಲ, ಖಾತರಿಯೂ ಇಲ್ಲ.

ಸಭೆಗೆ ಒಂದು ಗಂಟೆ ಮೊದಲು ಒಬ್ಬ ಜವಾಬ್ದಾರಿಯುತ ಸಿಬ್ಬಂದಿಗೆ ಈ ಪರಿಶೀಲನೆಯನ್ನು ವಹಿಸಿ, ತಂತಿಯುಳ್ಳ ಒಂದು ಮೈಕನ್ನು ಜೋಡಿಸಿ ಸಿದ್ಧವಾಗಿಟ್ಟಿರಬೇಕು. ಕಾರ್ಡ್‌ಲೆಸ್ ಮೈಕ್ ಎಷ್ಟೇ ಉತ್ತಮವಾಗಿದ್ದರೂ ಈ ಹಳೆಯ ಮೈಕ್ ಸಭೆಯ ಮೀಸಲು ನಿಧಿಯಿದ್ದಂತೆ. ಹಿಂದಿನ ಸಾಲಿನ ಸದಸ್ಯರ ಮಾತು ಅಧ್ಯಕ್ಷರಿಗೂ ಕೇಳಿಸಿ, ನಡವಳಿ ಪುಸ್ತಕಕ್ಕೂ ಸರಿಯಾಗಿ ಸೇರಿದಾಗಲೇ ಸಭೆಯ ವ್ಯವಸ್ಥೆ ಪೂರ್ಣವಾಯಿತೆನ್ನಬಹುದು.