ಭಾತ್: ಅನ್ನದ್ದೋ, ರವೆಯದ್ದೋ?

ಪುಣೆಯ ಮರಾಠಿ ಗಿರಾಕಿ ಮದುವೆ ಆರ್ಡರಿನಲ್ಲಿ ‘ಕೇಶರಿ ಭಾತ್’ ಎಂದು ಬರೆಸಿದರೆ ನಮ್ಮ ಅಡುಗೆ ಭಟ್ಟರು ರವೆ ಹುರಿದುಬಿಡುತ್ತಾರೆ. ಆದರೆ ಗಿರಾಕಿ ಕೇಳಿದ್ದು ಸಕ್ಕರೆ, ಕೇಸರಿ ಹಾಕಿದ ಸಿಹಿ ಅನ್ನ! ಪಂಕ್ತಿ ಕೂತ ಮೇಲೆ ಎಡವಟ್ಟು ತಿಳಿದರೆ ಏನು ಮಾಡುವುದು?

ಸಂಸ್ಕೃತದ ‘ಭಕ್ತ’ ಶಬ್ದಕ್ಕೆ ದೇವರ ಭಕ್ತ ಎಂಬ ಅರ್ಥದ ಜೊತೆಗೆ ಊಟ, ಬೇಯಿಸಿದ ಅನ್ನ ಎಂಬ ಅರ್ಥವೂ ಇದೆ. ಎರಡಕ್ಕೂ ಮೂಲ ‘ಭಜ್’ ಧಾತು. ಹಂಚುವುದು ಎಂಬುದು ಅದರ ಒಂದು ಅರ್ಥ. ಪ್ರಾಕೃತದಲ್ಲಿ ಇದು ‘ಭತ್ತ’ವಾಗಿ, ಮುಂದೆ ಮರಾಠಿ, ಗುಜರಾತಿ, ಹಿಂದಿ, ಬಂಗಾಳಿಗಳಲ್ಲಿ ‘ಭಾತ್’ ಆಯಿತು. ಅಲ್ಲೆಲ್ಲ ಭಾತ್ ಎಂದರೆ ಅನ್ನವೇ.

ನಮ್ಮ ವಾಂಗಿಭಾತ್, ಬಿಸಿಬೇಳೆಭಾತ್ ಕೂಡ ಅನ್ನದವೇ. ‘ವಾಂಗಿ’ ಎಂದರೆ ಮರಾಠಿಯಲ್ಲಿ ಬದನೆಕಾಯಿ. ಆದರೆ ಕನ್ನಡದಲ್ಲಿ ರವೆಯ ತಿಂಡಿಗೂ ಅದೇ ಹೆಸರು ನಿಂತಿತು: ಖಾರಾಭಾತ್, ಕೇಸರಿಭಾತ್.

ಆದ್ದರಿಂದ ಸದಸ್ಯ ಬಂಧುಗಳು ಮೆನು ಕಾರ್ಡಿನಲ್ಲಿ ಖಾರಾಭಾತಿನ ಪಕ್ಕ ‘ಉಪ್ಮಾ’, ಕೇಸರಿಭಾತಿನ ಪಕ್ಕ ‘ಶಿರಾ’ ಎಂದು ಸೇರಿಸುವುದು ಒಳ್ಳೆಯದು. ಆರ್ಡರ್ ಹಿಡಿಯುವಾಗ ‘ಅನ್ನದ್ದೋ, ರವೆಯದ್ದೋ?’ ಎಂದು ಕೇಳಿ ಬರೆದುಕೊಳ್ಳಿ. ಒಂದು ಮಾತು ಕೇಳಿದರೆ ಒಂದು ಕಡಾಯಿ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾರೆ.