ದೊಡ್ಡ ಪರದೆ ಆಮೇಲೆ, ಮೊದಲು ತಂತಿ

ಅಮೆರಿಕದ ಸರೋವರಗಳಲ್ಲಿ ಬಾಸ್ ಮೀನಿಗೆ ಗಾಳ ಹಾಕುವ ಹವ್ಯಾಸಿಗಳ ದೋಣಿ ಈಗ ಟಿ.ವಿ. ಅಂಗಡಿಯಂತಾಗಿದೆ. ನೀರೊಳಗಿನ ಮೀನು ತೋರಿಸುವ ಪರದೆ ಸ್ಟೀರಿಂಗ್ ಪಕ್ಕ ಎರಡು, ಮುಂಭಾಗದಲ್ಲಿ ಇನ್ನೆರಡು. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಎಂಬ ಸೋನಾರ್ ಬಂದ ಮೇಲೆ ಈ ಹುಚ್ಚು ಇನ್ನೂ ಏರಿತು. ದೋಣಿಯ ಮುಂದಿರುವ ಮೀನು ಗಾಳದತ್ತ ತಿರುಗುವುದೂ, ಮೂಸಿ ನೋಡಿ ಹಿಂದೆ ಸರಿಯುವುದೂ ಆ ಕ್ಷಣಕ್ಕೇ ಕಾಣುತ್ತದೆ. ಕೊನೆಗೆ ಬಾಸ್ ಹಿಡಿಯುವ ಬಾಸ್‌ಮಾಸ್ಟರ್ ಎಲೀಟ್ ಪಂದ್ಯಗಳಲ್ಲಿ 2025ರಲ್ಲಿ ಕಡಿವಾಣ ಬಿತ್ತು: ಇಂಥ ಸೋನಾರ್‌ನ ಟ್ರಾನ್ಸ್‌ಡ್ಯೂಸರ್, ಅಂದರೆ ನೀರಿಗೆ ಶಬ್ದ ಬಿಟ್ಟು ಮರುದನಿ ಹಿಡಿಯುವ ಭಾಗ, ಒಂದೇ ಇರಬೇಕು, ಎಲ್ಲ ಪರದೆಗಳ ಅಳತೆ ಕೂಡಿದರೂ 55 ಇಂಚು ಮೀರಬಾರದು.

ಪಂದ್ಯದ ಗೊಡವೆ ಇಲ್ಲದವರು ಹಳೆಯ ಫಿಶ್ ಫೈಂಡರ್ ಬದಲಿಸಲು ಹೊರಟಾಗ ಎಡವುವುದು ಬೇರೆ ಕಡೆ. ದುಡ್ಡೆಲ್ಲ ಪರದೆಗೆ ಸುರಿಯುತ್ತಾರೆ. ನೋಡುವ ಕೆಲಸ ಮಾತ್ರ ನೀರಿನೊಳಗಿನ ಟ್ರಾನ್ಸ್‌ಡ್ಯೂಸರ್‌ನದು. ಅದು ಬಿಟ್ಟ ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 15 ಮೀಟರ್ ಆಳದ ತಳ ಮುಟ್ಟಿ ಮರಳಲು ಸೆಕೆಂಡಿನ ಐವತ್ತರಲ್ಲೊಂದು ಪಾಲು ಸಾಕು. 50 ಕಿಲೋಹರ್ಟ್ಸ್ ಆಳಕ್ಕಿಳಿಯುತ್ತದೆ, ಆದರೆ ಚಿತ್ರ ಒರಟು. 200 ಕಿಲೋಹರ್ಟ್ಸ್ ಅಷ್ಟು ಆಳ ಹೋಗದು, ಚಿತ್ರ ಮಾತ್ರ ಚೊಕ್ಕ. ಒಂದೇ ಕಂಪನದ ಬದಲು ಒಂದು ಶ್ರೇಣಿಯನ್ನೇ ಹಾಯಿಸುವ ಚಿರ್ಪ್ ತಂತ್ರ ಅಂಟಿಕೊಂಡ ಎರಡು ಮೀನುಗಳನ್ನೂ ಬಿಡಿಸಿ ತೋರಿಸುತ್ತದೆ. ಹಳೆಯ ಟ್ರಾನ್ಸ್‌ಡ್ಯೂಸರ್‌ಗೆ ಹೊಸ ಪರದೆ ಜೋಡಿಸಿದರೆ ಚಿರ್ಪ್‌ನ ಈ ಲಾಭ ಪೂರ್ತಿ ಸಿಗುವುದಿಲ್ಲ.

ಪರದೆಯ ಮೇಲಿನ ಕಮಾನಿನ ಗೆರೆಯನ್ನು ಮೀನಿನ ಆಕಾರವೆಂದು ನಂಬಿದವರು ಬಹಳ ಮಂದಿ. ಮೀನು ಶಬ್ದದ ಶಂಕುವಿನ ಅಂಚಿನಲ್ಲಿದ್ದಾಗ ದೂರ, ನಡುವೆ ಬಂದಾಗ ಹತ್ತಿರ, ದಾಟಿದ ಮೇಲೆ ಮತ್ತೆ ದೂರ. ಕಮಾನು ಹುಟ್ಟುವುದು ಹಾಗೆ. ದೋಣಿಯೂ ಮೀನೂ ಕದಲದಿದ್ದರೆ ಬರುವುದು ನೇರ ಗೆರೆ. ಮಲ್ಪೆಯಲ್ಲಿ ಮೀನುಗಾರಿಕೆ ದೋಣಿ ನಡೆಸುವ ತಾಂಡೇಲರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರ ಹೊಟ್ಟೆಪಾಡೇ ಆ ಗೆರೆಗಳಲ್ಲಿದೆ.

ನನ್ನ ಮಟ್ಟಿಗೆ ಮೊದಲ ಖರ್ಚು ತಂತಿ, ಬ್ಯಾಟರಿಗೆ. ಎಂಜಿನ್ನಿನ ಬ್ಯಾಟರಿಗೇ ಪರದೆಗಳನ್ನೂ ಕಟ್ಟಿದರೆ, ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಪರದೆ ಆರಿ ಮತ್ತೆ ಹತ್ತುತ್ತದೆ. ಹಿಂಬದಿಯ ಬ್ಯಾಟರಿಯಿಂದ ಮುಂಭಾಗದವರೆಗೆ ಎಳೆದ ಸಣ್ಣ ತಂತಿ ದಾರಿಯಲ್ಲೇ ಒಂದಿಷ್ಟು ವೋಲ್ಟೇಜ್ ನುಂಗುತ್ತದೆ. ತವರ ಲೇಪಿಸಿದ ದಪ್ಪ ತಾಮ್ರದ ತಂತಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ಪರದೆಗಳಿಗೆ ಬೇರೆಯದೇ 12 ವೋಲ್ಟ್ ಬ್ಯಾಟರಿ. ನೋಡುವವರಿಗೆ ಇದರಲ್ಲಿ ಏನೂ ಮೆರುಗಿಲ್ಲ, ಅಂಗಡಿಯವನೂ ಇದನ್ನು ಹೊಗಳಿ ಮಾರುವುದಿಲ್ಲ.

ಎಲ್ಲ ಕೂಡಿಸಿದ ಮೇಲೆ ಒಮ್ಮೆ ಜೋರಾಗಿ ಓಡಿಸಿ. ವೇಗ ಏರಿದೊಡನೆ ತಳದ ಗೆರೆ ಮಾಯವಾದರೆ ಪರದೆಯನ್ನು ದೂರಬೇಡಿ: ಟ್ರಾನ್ಸ್‌ಡ್ಯೂಸರ್ ಕೆಳಗೆ ಗಾಳಿಗುಳ್ಳೆ ನುಗ್ಗುತ್ತಿರುತ್ತದೆ. ಅದನ್ನು ಹಿಡಿದಿರುವ ಬ್ರಾಕೆಟ್ಟನ್ನು ಸ್ವಲ್ಪ ತಗ್ಗಿಸಿ, ಪ್ರೊಪೆಲ್ಲರ್‌ನಿಂದ ಇನ್ನಷ್ಟು ಆಚೆಗೆ ಸರಿಸಿ ಮತ್ತೆ ಓಡಿಸಿ ನೋಡಿ.